ನನ್ನ ಪಾಲಿಗೆ ಬಂದ ಎಂಟು ಗಂಟೆ

ಅಪ್ಪಾ,

ಸಾಲಿಯಲ್ಲಿ ಕಲಿಸಿದ ಪ್ರಕಾರ ‘ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ’ ಅಂತ ಶುರು ಮಾಡಬೇಕಿತ್ತು. ನಿನ್ನ ಪಾದ ನಾನು ಬಲ್ಲೆ. ಫರಸಿ ಕಲ್ಲಿನ ಪುಡಿ ಕೂತು, ಹಿಮ್ಮಡಿ ಒಡೆದು, ಅವಕ್ಕೂ ಅರವಿಂದಕ್ಕೂ ಯಾವ ಕಾಲಕ್ಕೂ ಸಂಬಂಧ ಇರಲಿಲ್ಲ. ಆದ್ದರಿಂದ ಬರೀ ಅಪ್ಪಾ. ನಾವು ಇಲ್ಲಿ ಶಹಾಬಾದಿನಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಪಾಸ್ಟರ್ ಅಯ್ಯಗಳು ಸಮಾಧಿಯ ಹತ್ತಿರ ನಿಂತು ಸಾಕಷ್ಟು ಭರವಸೆ ಕೊಟ್ಟಿದ್ದಾರೆ. ಅದನ್ನು ಮತ್ತೆ ಕೇಳಿ ಅವರಿಗೆ ಅವಮಾನ ಮಾಡುವುದಿಲ್ಲ.

ನೀನು ಹೋದ ಮೇಲೆ ನಾನು ಅತ್ತಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಇವತ್ತು ನಳದ ನೀರು ಬಂದಿಲ್ಲ ಅಂತ ಹೇಳುತ್ತೇವಲ್ಲ, ಹಾಗೆ ಹೇಳುತ್ತಿದ್ದೇನೆ. ವಾರಕ್ಕೊಮ್ಮೆ ಪೇಪರಿನಲ್ಲಿ ಜನರನ್ನು ನಗಿಸುವವನಿಗೆ ಅಪ್ಪ ಸತ್ತರೂ ಅಳು ಬರುವುದಿಲ್ಲ ನೋಡು ಅಂತ ಓಣಿಯಲ್ಲಿ ಒಂದಿಬ್ಬರು ಆಡಿಕೊಂಡರಂತೆ. ಅವರ ಮಾತು ಸುಳ್ಳಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಇರುತ್ತದಲ್ಲ, ಮುಟ್ಟಿದರೆ ಯಾರದೋ ಕಾಲು ಮುಟ್ಟಿದ ಹಾಗೆ… ಒಳಗೆ ಹಾಗೇ ಆಗಿದೆ.

ಈಗ ಬರೆಯಲು ಕಾರಣ ಏನೆಂದರೆ, ನೀನು ನನ್ನ ಹೆಸರಿಗೆ ಮಾಡಿ ಹೋದ ಆಸ್ತಿ ಇತ್ತಲ್ಲ, ಅದು ನನ್ನ ಕೈಯಲ್ಲಿ ಮುಳುಗಿಯೇ ಹೋಗುವುದಿತ್ತು. ಅದರ ಜೊತೆಗೆ ನನ್ನ ಮಗಳು, ನಿನ್ನ ಮೊಮ್ಮಗಳು ರೂತ್ ಕೂಡ. ಏನಾಯಿತು ಅಂತ ನಿನಗೆ ಹೇಳಬೇಕಾದವನು ನಾನೇ. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ. ಉಪ್ಪು ಖಾರ ಹಚ್ಚುವುದು ಈ ಮನೆಯಲ್ಲಿ ನನ್ನ ಕೆಲಸ.

ಆಸ್ತಿ ಹಂಚಿದ ಮಧ್ಯಾಹ್ನ ನೆನಪಿದೆಯಾ? ಕಲಬುರಗಿ ದವಾಖಾನೆಯವರು ನಿನ್ನ ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಇನ್ನು ಮನೆಯಲ್ಲೇ ಆರಾಮಾಗಿರಲಿ ಅಂತ ಕಳಿಸಿದ್ದರು. ನೀನು ಮುಂದಿನ ಕೋಣೆಯ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತು, ಥೇಟ್ ಬೈಬಲ್ಲಿನ ಪಿತೃಗಳ ಹಾಗೆ, ಮಕ್ಕಳನ್ನು ಕರೀರಿ ಅಂದೆ. ವಾಡಿಯಿಂದ ತಮ್ಮ ಸಾಮ್ಯಾ ಬಂದ, ಚಿಂಚೋಳಿಯಿಂದ ಎಸ್ತೇರಕ್ಕ ಬಂದಳು. ನಾನು ಎಲ್ಲಿಂದಲೂ ಬರಬೇಕಿರಲಿಲ್ಲ, ಅಡುಗೆಮನೆಯಿಂದ ಬಂದೆ.

“ಹಾರ್ಮೋನಿಯಂ ಎಸ್ತೇರಗ,” ಅಂದೆ ನೀನು. ಸ್ವಲ್ಪ ದಮ್ಮು ತಗೊಂಡು, “ಸ್ಕೂಟರ್ ಸಾಮ್ಯಾಗ.”

“ಅಪ್ಪಾ, ಮನಿ?” ಅಂತ ಸಾಮ್ಯಾ ಮೆಲ್ಲಗೆ ಕೇಳಿದ.

“ಮನಿ ನಿಮ್ಮವ್ವಂದು. ಅಕಿ ಇರೋತನಕ ಆ ಮಾತ ಎತ್ತಬ್ಯಾಡ್ರಿ. ದಾನ್ಯಾಗ ಎಂಟು ಗಂಟಿ.”

ನಾನು ಗೋಡೆಯ ಗಡಿಯಾರ ನೋಡಿದೆ. “ಅದಲ್ಲೋ,” ಅಂದೆ ನೀನು. “ರಾತ್ರಿ ಎಂಟರ ಪ್ರಾರ್ಥನಿ.”

“ಅಪ್ಪಾ, ನನಗ ಸ್ಕೂಟರ್ ಕೊಡು. ಎಂಟು ಗಂಟಿ ಸಾಮ್ಯಾಗ ಕೊಡು,” ಅಂತ ನಾನು ಚೌಕಾಸಿ ಮಾಡಿದೆ. ಆ ಸ್ಕೂಟರ್ ಎಡಕ್ಕೆ ವಾಲಿಸಿ ಒದ್ದರೆ ಮಾತ್ರ ಚಾಲೂ ಆಗುತ್ತದೆ ಅಂತ ಗೊತ್ತಿದ್ದೂ ಕೇಳಿದೆ.

“ಸ್ಕೂಟರ್ ಕೆಟ್ರ ಮಿಸ್ತ್ರಿ ಸಿಗ್ತಾನ. ಇದು ಕೆಟ್ರ ಯಾರ ಹಂತ್ಯಾಕ ಒಯ್ತೀದಿ? ಮನಿಯಾಗ ಇರಾಂವ ನೀನೇ. ನೀನೇ ನೋಡ್ಕೋ,” ಅಂದು ನೀನು ಆ ಕಡೆ ಹೊರಳಿದೆ. ಮಾತು ಮುಗಿದಿತ್ತು. ಸಾಮ್ಯಾ ಹೊರಗೆ ಬಂದು ನನ್ನ ಬೆನ್ನು ತಟ್ಟಿ, “ಅಣ್ಣಾ, ನಿನ್ನ ಪಾಲಿಗಿ ಪೆಟ್ರೋಲ್ ಖರ್ಚಿಲ್ಲ ನೋಡು,” ಅಂದ.

ನಿನ್ನ ಎಂಟು ಗಂಟೆ ಹೇಗಿರುತ್ತಿತ್ತು ಅಂತ ನಿನಗೇ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ಅಂಕಣಕಾರರ ಚಟ. ಭಂಕೂರಿನ ಫರಸಿ ಪಾಲಿಷ್ ಮಷೀನಿನಿಂದ ನೀನು ಮೈತುಂಬ ಬೂದುಬಣ್ಣ ಬಳಿದುಕೊಂಡು ಬರುತ್ತಿದ್ದೆ. ಮೈ ತೊಳೆದು, ಬಿಳೀ ಬನಿಯನ್ ಹಾಕಿ, ಚಾಪೆಯ ಮೇಲೆ ನಮ್ಮನ್ನೆಲ್ಲ ಸುತ್ತ ಕೂಡಿಸಿಕೊಳ್ಳುತ್ತಿದ್ದೆ. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಕಣ್ಣು ಮುಚ್ಚುವುದು. ನಿನ್ನ ಪ್ರಾರ್ಥನೆಯ ಮೊದಲ ಎರಡು ವಾಕ್ಯ ಸತ್ಯವೇದದ ಕನ್ನಡ. ಮೂರನೆಯದರಿಂದ ಭಂಕೂರ ಕನ್ನಡ. “ಪರಲೋಕದ ತಂದೆಯೇ, ಸೈನ್ಯಗಳ ಕರ್ತನೇ, ಈ ದಿನದ ಕೃಪೆಗಾಗಿ ನಿನ್ನನ್ನು ಕೊಂಡಾಡುತ್ತೇವೆ. ಸ್ವಾಮೀ, ಈ ಎಸ್ತೇರ ನಿನ್ನಿ ಅವರವ್ವಗ ಎದುರುತ್ತರ ಕೊಟ್ಟಾಳ. ಈ ದಾನ್ಯಾ ಬೀಜಗಣಿತದ ಪುಸ್ತಕದಾಗ ಕಥೀ ಪುಸ್ತಕ ಇಟ್ಕೊಂಡು ಓದಲಿಕತ್ಯಾನ. ಕಥೀನರ ಬರೋಬ್ಬರ್ ತಿಳೀಲಿ ಇವನಿಗಿ, ಸ್ವಾಮೀ.” ದೇವರ ಹತ್ತಿರ ಇಷ್ಟು ನಿಷ್ಠೆಯಿಂದ ಚಾಡಿ ಹೇಳುವ ತಂದೆ ಈ ತಾಲೂಕಿನಲ್ಲಿ ಮತ್ತೊಬ್ಬನಿರಲಿಲ್ಲ.

ಗೋಡೆಯಾಚೆಯ ಖಾಜಾಬಿ ಚಾಚಿ ಸರಿಯಾಗಿ ಆ ಹೊತ್ತಿಗೇ ತಮ್ಮ ಅಂಗಳದಲ್ಲಿ ಅಕ್ಕಿ ಆರಿಸಲು ಕೂಡುತ್ತಿದ್ದರು. ದಿನಾ ಎಂಟಕ್ಕೆ ಅಷ್ಟೊಂದು ಅಕ್ಕಿ ಎಲ್ಲಿಂದ ಬರುತ್ತಿತ್ತೋ. ಅವರು ನಿನ್ನ ಪ್ರಾರ್ಥನೆಗೆ, ರೇಡಿಯೋದ ವಾರ್ತೆಯ ಹಾಗೆ, ‘ಎಂಟರ ಬಾತ್ಮಿ’ ಅಂತ ಹೆಸರಿಟ್ಟಿದ್ದರು. ನಾನು ಪಾಸಾದದ್ದೂ ಫೇಲಾದದ್ದೂ ಓಣಿಗೆ ಮೊದಲು ಗೊತ್ತಾಗುತ್ತಿದ್ದದ್ದು ಅವರ ಮೊರದ ಮುಖಾಂತರವೇ.

ಆದರೆ ಆ ಚಾಡಿಯ ಬೆನ್ನಿಗೆ ನೀನು ಇಟ್ಟಿದ್ದ ಕಾಯಿದೆ ಒಂದಿತ್ತಲ್ಲ. ಕಣ್ಣು ಮುಚ್ಚಿ ಹೇಳಿದ್ದನ್ನು ಕಣ್ಣು ತೆರೆದ ಮೇಲೆ ಯಾರೂ ಎತ್ತುವ ಹಾಗಿಲ್ಲ. ಬೈಯುವ ಹಾಗಿಲ್ಲ, ಕೇಳುವ ಹಾಗಿಲ್ಲ, ನಗುವ ಹಾಗಿಲ್ಲ. ದೊಡ್ಡವರಿಗೂ ಅದೇ, ಸಣ್ಣವರಿಗೂ ಅದೇ. ಅವ್ವ ಅದನ್ನು ನಿನ್ನ ಮೇಲೆಯೇ ತಿರುಗಿಸುತ್ತಿದ್ದಳು. “ಸ್ವಾಮೀ, ಈ ಮನುಷ್ಯಾನ ಖೆಮ್ಮು ಏನದ ಅಂತ ಕೇಳಿದ್ರ ಕಲ್ಲಿನ ಧೂಳು ಅಂತಾನ. ಧೂಳಿಗಿ ರಾತ್ರಿ ಬೆಳತನಕ ಎದ್ದು ಕುಂದ್ರತಾರೇನ್ ಸ್ವಾಮೀ?” ನೀನು ಆಮೆನ್ ಅಂದು, ತಂಬಿಗೆಯ ನೀರೆಲ್ಲ ಕುಡಿದು, ಸುಮ್ಮನೆ ಊಟಕ್ಕೆ ಕೂತಿದ್ದೆ.

ಸಾಮ್ಯಾ ಸಾಲಿ ತಪ್ಪಿಸಿದ್ದ ವಾರ ಆ ಕಾಯಿದೆಗೆ ನಿಜವಾದ ಪರೀಕ್ಷೆ ಬಂತು. ಅವನು ಕಣ್ಣು ಬಿಗಿಯಾಗಿ ಮುಚ್ಚಿ, “ಸ್ವಾಮೀ, ನಾ ಸಾಲಿಗಿ ಹೋಗಿಲ್ಲ. ವಾಡಿಗಿ ಹೋಗಿ ಇಂಜಿನ್ ನೋಡ್ಕೋತ ಕುಂತಿದ್ದೆ. ಮುಂಬೈ ಗಾಡಿ ಬಂತು. ಭಾಳ ಚಂದಿತ್ತು ಸ್ವಾಮೀ,” ಅಂದ. ನಾನು ಒಂದು ಕಣ್ಣು ತೆರೆದು ನೋಡಿದೆ. ನಿನ್ನ ದವಡೆ ಕಲ್ಲು ಅರೆಯುವ ಹಾಗೆ ಆಡುತ್ತಿತ್ತು. ಆಮೆನ್ ಆಯಿತು. ನೀನು ನೀರು ಕುಡಿದೆ. ಆ ಐತಾರ ಚರ್ಚು ಮುಗಿದ ಮೇಲೆ ಯಾರಿಗೂ ಏನೂ ಹೇಳದೆ ನಮ್ಮನ್ನೆಲ್ಲ ಪ್ಯಾಸೆಂಜರ್ ಗಾಡಿಯಲ್ಲಿ ಹತ್ತಿಸಿ ವಾಡಿ ಸ್ಟೇಶನ್ನಿಗೆ ಒಯ್ದೆ. ಎಲ್ಲರಿಗೂ ಭಜಿ ಕೊಡಿಸಿದೆ. ನೀನು ಸಾಮ್ಯಾನ ಪಕ್ಕ ಕಟ್ಟೆಯ ಮೇಲೆ ಕೂತು ಸಂಜೆಯವರೆಗೂ ಇಂಜಿನ್ ನೋಡಿದೆ. ಅವನಿಗೆ ಈಗ ಅಲ್ಲೇ ರೇಲ್ವೆಯಲ್ಲಿ ನೌಕರಿ. ಇಂಜಿನ್ ಕಂಡರೆ ಮುಖ ಆ ಕಡೆ ತಿರುಗಿಸುತ್ತಾನೆ.

ಮಷೀನು ನಿಂತ ವರ್ಷದ ಒಂದು ಎಂಟು ಗಂಟೆ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಊರವರೆಲ್ಲ ಮನೆಗೆ ಹೊಳೆಯುವ ಟೈಲ್ಸ್ ಹಾಕಿಸುತ್ತಿದ್ದ ಕಾಲ. ಫರಸಿ ಕೇಳುವವರು ಕಡಿಮೆಯಾಗಿ ನಿನ್ನ ಮಾಲಕ ಕೀಲಿ ಹಾಕಿಕೊಂಡು ಹೋಗಿದ್ದ. ಅವತ್ತು ನೀನು ನಮ್ಮ ಚಾಡಿ ಹೇಳಲಿಲ್ಲ. ಸೈನ್ಯಗಳ ಕರ್ತನೂ ಬರಲಿಲ್ಲ. ನೆಟ್ಟಗೆ, “ಸ್ವಾಮೀ, ನನಗ ಅಂಜಿಕಿ ಆಗ್ಯಾದ,” ಅಂದೆ. “ನಾಳಿ ಮುಂಜಾನಿ ಎದ್ದು ಎಲ್ಲಿಗಿ ಹೋಗಬೇಕು ತಿಳೀವಲ್ದು. ಮಕ್ಕಳ ಮುಂದ ಹೇಳಬಾರದು ಅನ್ಕೊಂಡಿದ್ದೆ. ಹೇಳಿದೆ.” ನಾನು ಕಣ್ಣು ತೆರೆದೆ. ನಿನ್ನ ಎರಡೂ ಮುಷ್ಟಿ ಮೊಣಕಾಲ ಮೇಲಿದ್ದವು, ಉಗುರಿನ ಸಂದಿಯಲ್ಲಿ ಬೂದು ಇನ್ನೂ ಹೋಗಿರಲಿಲ್ಲ. ಅಪ್ಪಂದಿರಿಗೂ ಅಂಜಿಕೆ ಆಗುತ್ತದೆ ಅಂತ ನಮಗೆ ಯಾರು ಹೇಳಿದ್ದರು? ಬೇರೆ ಮನೆಯ ಅಪ್ಪಂದಿರು ಅಂಜಿದಾಗ ಹೆಂಡತಿಯನ್ನು ಹೊಡೆಯುತ್ತಿದ್ದರು, ಇಲ್ಲಾ ಕುಡಿಯುತ್ತಿದ್ದರು. ನೀನು ಮಾತ್ರ ಅಂಜಿಕೆಯನ್ನು ಚಾಪೆಯ ಮೇಲೆ ಎಲ್ಲರ ನಡುವೆ ಇಟ್ಟು, ಆಮೆನ್ ಅಂದೆ. ನಾನು ಮತ್ತೆ ಕಣ್ಣು ಮುಚ್ಚಿಕೊಂಡೆ. ಅದರ ಬಗ್ಗೆ ಇಂದಿನವರೆಗೂ ಯಾರೂ ಮಾತಾಡಿಲ್ಲ. ಕಾಯಿದೆ.

ನಿನ್ನನ್ನು ಮಣ್ಣು ಮಾಡಿದ ದಿನ ಸಭೆಯ ಹಿರಿಯರೊಬ್ಬರು ನಿನ್ನನ್ನು ‘ನಮ್ಮ ಸಭೆಯ ಆಧಾರಸ್ತಂಭ’ ಅಂತ ಕರೆದರು. ಖೆಮ್ಮು ಬಂದರೆ ಎದ್ದುಹೋಗಲು ಅನುಕೂಲ ಅಂತ ವರ್ಷಾನುಗಟ್ಟಲೆ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ ಕೂತವನು ನೀನು. ಸ್ತಂಭ ಅಲ್ಲಿ ಇರುತ್ತದೇನು? ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಪಕ್ಕದ ಸಮಾಧಿಯ ಕಲ್ಲಿಗೆ ಅಂಚು ಪಾಲಿಷ್ ಮಾಡಿಲ್ಲ, ಅಪ್ಪ ನೋಡಿದರೆ ಬೈತಾನೆ. ಎಲ್ಲರೂ ಅಳುತ್ತಿದ್ದರು. ನಾನು ಆ ಅಂಚನ್ನೇ ನೋಡುತ್ತಿದ್ದೆ.

ಮೂರನೆಯ ದಿನದ ಪ್ರಾರ್ಥನೆ ಮುಗಿಸಿ ನೆಂಟರು ಹೋದ ಸಂಜೆ ನನ್ನ ಆಡಳಿತದ ಮೊದಲ ಎಂಟು ಗಂಟೆ ಬಂತು. ಅವ್ವ, ನನ್ನ ಹೆಂಡತಿ ವಿಮಲಾ, ರೂತ್, ಎಲ್ಲ ಚಾಪೆಯ ಮೇಲೆ ಕೂತು ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿದೆ. ಒಳಗಿನಿಂದ ಏನಾದರೂ ಬರುತ್ತದೆ ಅಂತ ಕಾದೆ. ಬಂದದ್ದು ಒಂದು ಹಾಸ್ಯದ ವಾಕ್ಯ. ಅದನ್ನು ನುಂಗಿ, ಕರ್ತನ ಪ್ರಾರ್ಥನೆಯನ್ನು ವಾಡಿಯಲ್ಲಿ ನಿಲ್ಲದೆ ಹೋಗುವ ಗಾಡಿಯ ವೇಗದಲ್ಲಿ ಹೇಳಿ ಮುಗಿಸಿದೆ.

“ಇಷ್ಟೇನಾ?” ಅಂದಳು ಅವ್ವ.

“ಯಾರ ಹೆಸರೂ ಬರಲಿಲ್ಲಲ್ಲ,” ಅಂದಳು ರೂತ್.

ಮಾರನೆಯ ದಿನ ಅಂಕಣ ಕಳಿಸಬೇಕು ಅಂದೆ. ಅದರ ಮಾರನೆಯ ದಿನ ತಲೆನೋವು. ಆಮೇಲೆ ಕಾರಣ ಹುಡುಕುವ ಶ್ರಮ ಬಿಟ್ಟು ಸಂಜೆ ಏಳೂವರೆಗೇ ಮನೆ ಬಿಟ್ಟು ಚಹಾದ ಹೋಟೆಲಿಗೆ ಹೋಗಿ ಕೂಡಲು ಶುರು ಮಾಡಿದೆ. ಮನೆಯಲ್ಲಿ ಟೀವಿ ಹತ್ತಿತು. ರೂತ್ ಮೊಬೈಲ್ ಹಿಡಿದು ಮಾಳಿಗೆ ಹತ್ತಿದಳು. ಅವ್ವ ಒಬ್ಬಳೇ ಗೋಡೆಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಇಷ್ಟು ಸುಲಭವಾಗಿ ಒಂದು ಮನೆಯ ಎಂಟು ಗಂಟೆ ಮುಳುಗುತ್ತದೆ ಅಂತ ನೀನು ಅಂದುಕೊಂಡಿದ್ದೆಯಾ? ಒಂದು ದಿನ ಖಾಜಾಬಿ ಚಾಚಿ ಗೋಡೆಯ ಮೇಲಿಂದ ನನ್ನನ್ನು ಕರೆದರು. “ಏನ್ ಬೇಟಾ, ಎಂಟಕ್ಕ ಬಾತ್ಮೀನ ಇಲ್ಲಲ್ಲ. ಭಾಯಿ ಹೋದ್ರು ಖರೆ, ನೀವೆಲ್ಲಾರು ಎಲ್ಲಿ ಹೋದ್ರಿ?” ಅಂದರು. ನಾನು ನಕ್ಕೆ. ನಗುವುದು ನನಗೆ ಈಗಲೂ ಬರುತ್ತದೆ, ಅದಕ್ಕೆ ಒಳಗಿನವರ ಪರವಾನಗಿ ಬೇಕಿಲ್ಲ.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರ ಹತ್ತಿರ ಬಂದಾಗ ಪಾಸ್ಟರ್ ಅಯ್ಯಗಳು ಮನೆಗೆ ಬಂದರು. ಆ ಭಾನುವಾರ ರೂತ್‌ಳ ದೃಢೀಕರಣ. ಕೂಸಿದ್ದಾಗ ದೀಕ್ಷಾಸ್ನಾನದಲ್ಲಿ ನಾವು ಅವಳ ಪರವಾಗಿ ಕೊಟ್ಟ ಮಾತನ್ನು ಈಗ ಅವಳೇ ಸಭೆಯ ಮುಂದೆ ನಿಂತು, ‘ನಾನು ನಂಬುತ್ತೇನೆ’ ಅಂತ ಬಾಯಿಬಿಟ್ಟು ಹೇಳಬೇಕು. ಅದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಅಂತ ನೀನು ಖೆಮ್ಮಿನ ನಡುವೆ ಎಷ್ಟು ಸಲ ಹೇಳಿದ್ದೆ. ವಿಮಲಾ ತವರು ಸೇಡಂನಿಂದ ಬಿಳೀ ಸೀರೆ ತರಿಸಿಟ್ಟಿದ್ದಳು. “ಕುಟುಂಬ ಪ್ರಾರ್ಥನಿ ನಡದದಲ್ರಿ?” ಅಂತ ಅಯ್ಯಗಳು ಉಪಚಾರಕ್ಕೆ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವ್ವ, “ಇಲ್ರಿ. ನಿಂತದ,” ಅಂದಳು. ಅಯ್ಯಗಳು ಚಹಾದ ಕಪ್ಪಿನೊಳಗೆ ನೋಡಿದರು. ರೂತ್ ಎದ್ದು ಒಳಗೆ ಹೋದಳು.

ಅವಳು ಒಳಗೆ ಹೋದ ರೀತಿ ನನಗೆ ಸರಿ ಕಾಣಲಿಲ್ಲ. ಪಿಯುಸಿ ಹುಡುಗಿ, ಮೊದಲು ಬಾಯಿ ಮುಚ್ಚಿಸುವುದೇ ಕಷ್ಟವಿತ್ತು. ಈಗ ಕರೆದರೆ ಬರುತ್ತಾಳೆ, ಕೇಳಿದರೆ ಹೂಂ ಅನ್ನುತ್ತಾಳೆ. ಬಿಳೀ ಸೀರೆಯನ್ನು ಮುಟ್ಟಿಯೂ ನೋಡಿರಲಿಲ್ಲ. ಏನೋ ಆಗಿದೆ ಅಂತ ನನಗೂ ಗೊತ್ತು, ವಿಮಲಾಳಿಗೂ ಗೊತ್ತು. ಆದರೆ ಅಪ್ಪಾ, ನಿನ್ನ ಕಾಯಿದೆಯಿಂದ ಬಿದ್ದ ಒಂದು ದೊಡ್ಡ ಪೆಟ್ಟು ನಮಗೆ ಗೊತ್ತಾದದ್ದು ಆಗಲೇ. ಮುಖ್ಯವಾದದ್ದನ್ನೆಲ್ಲ ಕಣ್ಣು ಮುಚ್ಚಿ ಹೇಳಿ ಹೇಳಿ, ಕಣ್ಣು ತೆರೆದು ಹೇಗೆ ಕೇಳಬೇಕು ಅಂತ ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನಾನು ಮಾಳಿಗೆ ಹತ್ತಿ ಹೋದೆ.

“ಏನ್ ಮಾಡ್ಲಿಕತ್ತೀದಿ?”

“ಏನಿಲ್ಲ.”

“ಗಾಳಿ ಚಲೋ ಅದಲ್ಲ?”

“ಪಪ್ಪಾ, ಗಾಳಿ ಎಲ್ಲದ? ಸಿಮೆಂಟಿನ ಧೂಳದ.”

“ಹೌದಲ್ಲ,” ಅಂದೆ. ನಿಂತೆ. ಧೂಳನ್ನು ಇಬ್ಬರೂ ನೋಡಿದೆವು. ಇಳಿದು ಬಂದೆ. ನಿನ್ನ ಮಗ, ಪೇಪರಿನಲ್ಲಿ ವಾರಕ್ಕೆ ಸಾವಿರ ಪದ ಬರೆಯುವವನು, ಸ್ವಂತ ಮಗಳ ಹತ್ತಿರ ಗಾಳಿಯ ವಿಷಯ ಮಾತಾಡಿ ಇಳಿದು ಬಂದ.

ಕೆಳಗೆ ಅವ್ವ ಜೋಳ ಕೇರುತ್ತಿದ್ದಳು. ತಲೆ ಎತ್ತಲಿಲ್ಲ. “ಅಕಿ ಬಾಯಿ ಎಂಟಕ್ಕ ಅಷ್ಟೇ ತೆರೀತದ. ಮೊದಲಿಂದಾನೂ ಹಂಗೇ ಬೆಳಸೇವಿ. ನೀ ಅದನ್ನ ಬಂದ್ ಮಾಡಿ ಹೋಟೆಲ್ಲದಾಗ ಕುಂತಿ. ಐತಾರ ಬರ್ಲಿಕತ್ತದ, ದಾನ್ಯಾ.”

“ಅವ್ವಾ, ನನಗ ಏನೂ ಅನಸವಲ್ದು. ಏನಂತ ಪ್ರಾರ್ಥನಿ ಮಾಡ್ಲಿ?”

“ನಿನಗ ಅನಸ್ಬೇಕಂತ ಯಾರ ಕೇಳ್ಯಾರ? ಕುಂದ್ರು ಅಂದ್ರ ಕುಂದ್ರು.”

ಅವತ್ತು ಗುರುವಾರ. ಎಂಟಕ್ಕೆ ಟೀವಿ ಬಂದ್ ಮಾಡಿ ಚಾಪೆ ಹಾಸಿದೆ. ಯಾರನ್ನೂ ಕರೆಯಲಿಲ್ಲ. ಅವ್ವ ಬಂದು ಕೂತಳು, ವಿಮಲಾ ಕೈ ಒರೆಸಿಕೊಳ್ಳುತ್ತ ಬಂದಳು. ಬಹಳ ಹೊತ್ತಿನ ಮೇಲೆ ಮಾಳಿಗೆಯ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಕೀರ್ತನೆ ಹಾಡುವ ಧೈರ್ಯ ನನಗಾಗಲಿಲ್ಲ, ನೇರ ಕಣ್ಣು ಮುಚ್ಚಿದೆ. “ಸ್ವಾಮೀ,” ಅಂದೆ. ಅಲ್ಲಿಗೆ ನಿಂತಿತು. ಎಷ್ಟು ಹೊತ್ತು ನಿಂತಿತೋ, ಗೋಡೆಯಾಚೆ ಮೊರದ ಸದ್ದೂ ನಿಂತ ಹಾಗಿತ್ತು. ಕೊನೆಗೆ ನಿನ್ನದೇ ದಾರಿ ಹಿಡಿದೆ, ಇದ್ದದ್ದನ್ನು ಹೇಳುವುದು.

“ಸ್ವಾಮೀ, ಅಪ್ಪ ಸತ್ತಾನ. ನನಗ ಅಳು ಬರವಲ್ದು. ನಿನ್ನ ಹೆಸರ ತಗೊಂಡ್ರೂ ಏನೂ ಆಗವಲ್ದು. ಬಾಯಿ ಅಷ್ಟೇ ಆಡಲಿಕತ್ತದ. ಇದಕ್ಕ ಪ್ರಾರ್ಥನಿ ಅಂತಾರೋ ಇಲ್ಲೋ ನನಗ ತಿಳೀದು.”

ಆಮೆನ್ ಹೇಳಬೇಕಿತ್ತು. ಅಷ್ಟರಲ್ಲಿ ರೂತ್ ಶುರು ಮಾಡಿದಳು. ಅವಳ ಧ್ವನಿ ನೆಲದ ಕಡೆಗಿತ್ತು. “ನನಗ ಒಂದು ವರ್ಷ ಆತು,” ಅಂದಳು. “ನನಗ ನಂಬಿಕಿ ಇಲ್ಲ. ಹುಡುಕಿ ನೋಡೀನಿ, ಇಲ್ಲ. ಮುತ್ಯಾನ ಮುಂದ ಹೇಳಬೇಕಂತ ದಿನಾ ಎಂಟಕ್ಕ ಕುಂದ್ರತಿದ್ದೆ. ಮುತ್ಯಾಗ ಖೆಮ್ಮು ಬರ್ತಿತ್ತು. ನಾಳಿ ಹೇಳೋಣ ಅಂತಿದ್ದೆ. ಈಗ ಐತಾರ ಎಲ್ಲಾರ ಮುಂದ ನಿಂತು ನಂಬ್ತೀನಿ ಅಂತ ಹೇಳಬೇಕು. ಅದು ಸುಳ್ಳಾಗ್ತದ. ನನಗ ಸುಳ್ಳ ಹೇಳಲಿಕ್ಕ ಬರಲ್ಲ. ಇಷ್ಟೇ.”

ಅಪ್ಪಾ, ಈ ಸುದ್ದಿ ನಿನಗೆ ಮುಟ್ಟದೇ ಹೋಯಿತು. ಮುಟ್ಟಿದ್ದರೆ ನೀನು… ನನಗೆ ಗೊತ್ತಿಲ್ಲ. ಗೊತ್ತು ಅಂತ ಬರೆದರೆ ಪತ್ರ ಚಂದ ಆಗುತ್ತದೆ, ಆದರೆ ಗೊತ್ತಿಲ್ಲ. ಅವ್ವನ ಉಸಿರು ಜೋರಾಗಿದ್ದು ಕೇಳಿಸಿತು. ಎಲ್ಲರೂ ನನ್ನ ಆಮೆನ್ನಿಗೆ ಕಾಯುತ್ತಿದ್ದರು. ಅದನ್ನು ಹೇಳಿದೆನೋ, ಮುಗಿಯಿತು. ಮಗಳನ್ನು ಬೈಯುವ ಹಾಗಿಲ್ಲ, ಬೋಧಿಸುವ ಹಾಗಿಲ್ಲ, ಯಾಕೆ ಅಂತ ಕೇಳುವ ಹಾಗಿಲ್ಲ. ನಾಲ್ಕು ತಲೆಮಾರಿನ ನಂಬಿಕೆ ನನ್ನ ಮುಂದೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದೆ, ತಂದೆಯಾದ ನಾನು ಅದಕ್ಕೆ ಏನಾದರೂ ಅನ್ನಬೇಡವೇ? ಆಮೆನ್ ಹೇಳದೆ ಎದ್ದುಬಿಟ್ಟರೆ ನಿನ್ನ ಕಾಯಿದೆಯೂ ಮುಗಿಯುತ್ತದೆ, ಬಾಯಿಯೂ ಬಿಡುಗಡೆಯಾಗುತ್ತದೆ ಅಂತ ಒಂದು ಗಳಿಗೆ ಲೆಕ್ಕ ಹಾಕಿದ್ದು ನಿಜ. ಆಮೆನ್ ಅಂದೆ. ಕಣ್ಣು ತೆರೆದಾಗ ರೂತ್ ನನ್ನನ್ನೇ ನೋಡುತ್ತಿದ್ದಳು. ವಿಮಲಾ, “ಊಟಕ್ಕ ಏಳ್ರಿ,” ಅಂದಳು.

ಅವ್ವನಿಗೆ ಮಾತ್ರ ಆ ರಾತ್ರಿ ಕಾಯಿದೆ ಬಹಳ ಭಾರವಾಯಿತು. ಮೊಮ್ಮಗಳಿಗೆ ಏನೂ ಅನ್ನುವ ಹಾಗಿಲ್ಲವಲ್ಲ, ಪಾತ್ರೆಗಳಿಗೆ ಅಂದಳು. ಮರುದಿನ ಎಂಟಕ್ಕೆ ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿ, “ಸ್ವಾಮೀ, ಈ ಪೋರಿ ನ್ಯಾಯ ನೀನೇ ಮಾಡು. ನಿನ್ನ ನಂಬಲ್ಲಂತ ನಿನ್ನ ಮುಂದೇ ಹೇಳ್ಯಾಳ. ಎಷ್ಟ ಸೊಕ್ಕು ನೋಡು,” ಅಂತ ದೂರು ಸಲ್ಲಿಸಿದಳು. ನಾನು ನಗು ತಡೆದುಕೊಂಡೆ. ವಿಮಲಾ ನಗು ತಡೆದುಕೊಂಡಳು. ರೂತ್ ನಕ್ಕೇಬಿಟ್ಟಳು. ಹೌದು, ಅವಳೂ ಬಂದು ಕೂತಿದ್ದಳು. ನಂಬಿಕೆ ಇಲ್ಲದ ಮೇಲೆ ಎಂಟಕ್ಕೆ ಯಾಕೆ ಬಂದೆ ಅಂತ ನಾನು ಕೇಳಲಿಲ್ಲ. ನೀನಾಗಿದ್ದರೆ ಕೇಳುತ್ತಿದ್ದೆಯಾ?

ಶನಿವಾರ ಪಾಸ್ಟರ್ ಅಯ್ಯಗಳ ಮನೆಗೆ ಹೋಗಿ, “ರೂತ್ ನಾಳಿ ನಿಂದ್ರಲ್ಲರಿ,” ಅಂದೆ.

ಅವರು ಕುರ್ಚಿ ತೋರಿಸಿದರು. “ನೀವು ತಂದಿ ಇದ್ದೀರಿ. ಮಗಳ ನಂಬಿಕಿಗಿ ನೀವೇ ಹೊಣಿ.”

“ಹೌದ್ರಿ. ಅದಕ್ಕೇ ಅಕಿ ಕಡಿಂದ ಸುಳ್ಳ ಹೇಳಸಲ್ಲ.”

“ನಿಮ್ಮ ಅಪ್ಪಾರಿಗಿ ಆಸೆ ಭಾಳ ಇತ್ತು.”

“ಇತ್ರಿ. ನನಗೂ ಇತ್ತು.”

ನನಗೂ ಇತ್ತು ಅಂತ ನಾನು ಅಂದದ್ದು ಅಲ್ಲೇ ಮೊದಲು, ಅದು ನಿಜ ಅಂತ ನನಗೆ ಗೊತ್ತಾದದ್ದೂ ಅಲ್ಲೇ. ಅಯ್ಯಗಳು ಬಾಗಿಲವರೆಗೂ ಬಂದರು. “ಬಂದು ಕುಂದ್ರಲಿ. ನಿಂದ್ರೋದು ಬ್ಯಾಡ,” ಅಂದರು. ಭಾನುವಾರ ಬೇರೆ ಮನೆಯ ಮಕ್ಕಳು ಬಿಳಿ ಉಟ್ಟು ನಿಂತು ಒಬ್ಬೊಬ್ಬರಾಗಿ ನಂಬುತ್ತೇವೆ ಅಂದರು. ರೂತ್ ನೀಲಿ ಚೂಡಿದಾರ ಹಾಕಿಕೊಂಡು ಅವ್ವನ ಪಕ್ಕದಲ್ಲಿ ಕೂತಿದ್ದಳು. ಜನ ಹಿಂತಿರುಗಿ ನೋಡಿದರು. ಅವ್ವ ಅವರನ್ನು ಎಷ್ಟು ಬಿರುಸಾಗಿ ನೋಡಿದಳೆಂದರೆ, ಒಬ್ಬೊಬ್ಬರೇ ಮುಂದಕ್ಕೆ ತಿರುಗಿದರು. ಮನೆಯ ಹುಡುಗಿಯ ಚಾಡಿ ದೇವರಿಗೆ ಹೇಳಬಹುದು, ಬೆಂಚಿನವರಿಗಲ್ಲ.

ಈಗ ಈಸ್ಟರ್ ಮುಗಿದು ಬಿಸಿಲು ಏರಿದೆ. ಇನ್ನೂ ನನ್ನೊಳಗೆ ಹೆಚ್ಚೇನೂ ಬದಲಾಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮೊನ್ನೆ ಪೇಪರಿನ ಕೆಲಸಕ್ಕೆ ಕಲಬುರಗಿಗೆ ಹೋದವನಿಗೆ ತಿರುಗಿ ಬರುವ ಬಸ್ಸು ತಡವಾಯಿತು. ಓಣಿ ಮುಟ್ಟಿದಾಗ ಎಂಟು ದಾಟಿತ್ತು. ಇವತ್ತು ನಾನಿಲ್ಲ, ಟೀವಿ ಹಚ್ಚಿಕೊಂಡಿರುತ್ತಾರೆ ಅಂದುಕೊಂಡು ಬಂದೆ. ಬಾಗಿಲು ಚಿಲಕವಿಲ್ಲದೆ ಮುಂದೆ ಮಾಡಿತ್ತು. ಒಳಗಿನಿಂದ ಒಂದು ಧ್ವನಿ ಬರುತ್ತಿತ್ತು. ರೂತ್‌ಳದು.

ಅವಳು ಯಾರ ಹೆಸರನ್ನೂ ಕರೆದು ಶುರು ಮಾಡುವುದಿಲ್ಲ, ಅಪ್ಪಾ. ಸ್ವಾಮೀ ಅನ್ನುವುದಿಲ್ಲ, ಕೊನೆಗೆ ಆಮೆನ್ನೂ ಅನ್ನುವುದಿಲ್ಲ. ಆಮೆನ್ ಅವ್ವ ಹೇಳುತ್ತಾಳೆ. ಸುಮ್ಮನೆ ಒಬ್ಬೊಬ್ಬರದೇ ಹೇಳುತ್ತ ಹೋಗುತ್ತಾಳೆ. ಆಯಿಯ, ಅಂದರೆ ಅವ್ವನ, ಮೊಣಕಾಲು ಬಾತಿದೆ, ಮಮ್ಮಿ ಬೇಜಾರಾದಾಗ ಅದನ್ನು ಹೇಳುವುದಿಲ್ಲ, ಖಾಜಾಬಿ ಚಾಚಿಯ ಮಗನಿಂದ ಫೋನು ಬಂದಿಲ್ಲ. ನಾನು ಚಪ್ಪಲಿ ಬಿಡದೆ ಹೊರಗೇ ನಿಂತೆ. ಆಮೇಲೆ ನನ್ನ ಸರದಿ ಬಂತು.

“ಪಪ್ಪ ಮುತ್ಯಾ ಹೋದಾಗಿಂದ ಒಂದೇ ರೊಟ್ಟಿ ಉಣ್ಣಲಿಕತ್ಯಾನ. ಮೊದ್ಲ ಮೂರು ಉಣ್ತಿದ್ದ. ಅಳಲಿಲ್ಲಂದ್ರ ನಡೀತದ. ಅವನಿಗಿ ಹಸಿವ್ಯಾಗಲಿ.”

ಅವ್ವ ಆಮೆನ್ ಅಂದಳು. ನಾನು ಸ್ವಲ್ಪ ಹೊತ್ತು ಬಿಟ್ಟು, ಆಗಷ್ಟೇ ಬಂದವನ ಹಾಗೆ ಬಾಗಿಲು ದಬ್ಬಿ ಒಳಗೆ ಹೋದೆ. ಕೈಕಾಲು ತೊಳೆದು ಊಟಕ್ಕೆ ಕೂತೆ. ವಿಮಲಾ ಒಂದು ರೊಟ್ಟಿ ಹಾಕಿದಳು, ತಿಂದೆ. ಇನ್ನೊಂದು ಹಾಕು ಅಂದೆ. ಹಸಿವಾಗಿತ್ತು ಅಂತ ಹೇಳಲಾರೆ. ಬಾಯಿಗೆ ರುಚಿಯೂ ಹತ್ತಲಿಲ್ಲ. ಆದರೆ ಎರಡನೆಯದನ್ನು ಪೂರ್ತಿ ತಿಂದೆ, ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ರೂತ್ ಎದುರಿಗೇ ಕೂತು ತನ್ನ ತಾಟನ್ನೇ ನೋಡಿಕೊಂಡು ಉಣ್ಣುತ್ತಿದ್ದಳು. ಇವತ್ತೇನು ಇಷ್ಟು ಅಂತ ಯಾರೂ ಕೇಳಲಿಲ್ಲ.

ಕೇಳುವ ಹಾಗೂ ಇಲ್ಲ.

ನಿನ್ನ ಮಗ,
ದಾನ್ಯಾ